ಹಳೆಯ ಕಾರಿನ ಪೆಟ್ರೋಲ್ ಟ್ಯಾಂಕನ್ನು ಇಂಜೆಕ್ಷನ್ ವ್ಯವಸ್ಥೆಗೆ ಹೊಂದಿಸುವ ಬಗೆ

ಹಳೆಯ ಮೋಟಾರು ಕಾರುಗಳನ್ನು ಮಮತೆಯಿಂದ ಕಾಪಾಡಿಕೊಂಡು ಬಂದಿರುವವರಲ್ಲಿ, ಅವುಗಳ ಕಾರ್ಬುರೇಟರನ್ನು ತೆಗೆದು ವಿದ್ಯುನ್ಮಾನ ನಿಯಂತ್ರಣದ ಇಂಧನ ಇಂಜೆಕ್ಷನ್ ವ್ಯವಸ್ಥೆಯನ್ನು ಕೂಡಿಸುವ ವಾಡಿಕೆ ಈಚೆಗೆ ಬೆಳೆದಿದೆ. ಈ ಕಾರ್ಯಕ್ಕೆ ಕೈಯಿಕ್ಕುವವರ ಲಕ್ಷ್ಯವೆಲ್ಲ ಸಾಮಾನ್ಯವಾಗಿ ಎಂಜಿನ್ನಿನ ಮೇಲೆಯೇ ನೆಟ್ಟಿರುತ್ತದೆ. ಕಾರಿನ ಹಿಂಬದಿಯಲ್ಲಿರುವ ಟ್ಯಾಂಕಿನ ನೆನಪು ಬರುವುದು, ಯಾವುದೋ ಘಟ್ಟದ ತಿರುವಿನಲ್ಲಿ ಎಂಜಿನ್ನು ಥಟ್ಟನೆ ಸೊರಗಿ ನಿಂತಾಗ. ಟ್ಯಾಂಕಿನಲ್ಲಿ ಪೆಟ್ರೋಲು ಇದ್ದೂ ಹೀಗಾಗುವುದೇಕೆ, ಇದಕ್ಕೆ ತಕ್ಕ ಉಪಾಯವೇನು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಪೆಟ್ರೋಲ್ ಇಂಜೆಕ್ಷನ್ ಎಂಬುದು ಹೊಸದೇನೂ ಅಲ್ಲ. 1954ರಲ್ಲಿ ಜನರ ಮುಂದೆ ಬಂದ ಮರ್ಸಿಡಿಸ್-ಬೆಂಜ್ 300 ಎಸ್‌ಎಲ್ ಕಾರಿನಲ್ಲಿಯೂ, 1957ರ ಕೆಲವು ಷೆವರ್ಲೆ ಕಾರುಗಳಲ್ಲಿಯೂ ಅದು ಯಾಂತ್ರಿಕ ರೂಪದಲ್ಲಿ ಇದ್ದಿತು. 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿಗೆ ಬಾಷ್ ಸಂಸ್ಥೆಯ ಡಿ-ಜೆಟ್ರಾನಿಕ್ ವ್ಯವಸ್ಥೆ ಬಂದಾಗ, ಎಂಜಿನ್ನಿಗೆ ಬೇಡವಾದ ಪೆಟ್ರೋಲನ್ನು ಟ್ಯಾಂಕಿಗೆ ಹಿಂದಿರುಗಿಸುವ ಕೊಳವೆಯೂ ಅದರೊಡನೆ ಬಂದಿತು. ಇಂಥ ಕಾರುಗಳಲ್ಲಿ ತೊಂದರೆಯಿಲ್ಲ. ನಮ್ಮ ಚರ್ಚೆ ಕಾರ್ಬುರೇಟರಿಗೆಂದೇ ಹುಟ್ಟಿದ ಟ್ಯಾಂಕುಗಳನ್ನು ಕುರಿತದ್ದು. ಉದಾಹರಣೆಗಾಗಿ 1965–66ರ ಫೋರ್ಡ್ ಮಸ್ಟಾಂಗ್ ಕಾರನ್ನು ಆರಿಸಿಕೊಂಡಿದ್ದೇವೆ. ಇದರ ಟ್ಯಾಂಕು ಅಮೆರಿಕದ ಅಳತೆಯಲ್ಲಿ 16 ಗ್ಯಾಲನ್, ಎಂದರೆ ಸುಮಾರು 60 ಲೀಟರು ಹಿಡಿಯುತ್ತದೆ. ಅಚ್ಚೊತ್ತಿದ ಎರಡು ಉಕ್ಕಿನ ತಗಡುಗಳನ್ನು ಅಂಚಿನಲ್ಲಿ ಬೆಸೆದು ಮಾಡಿದ, ಅಗಲವಾಗಿಯೂ ತಗ್ಗಾಗಿಯೂ ಇರುವ ಪಾತ್ರೆ ಅದು. ಡಿಕ್ಕಿಯ ನೆಲದಲ್ಲಿ ಬಿಟ್ಟಿರುವ ತೆರಪಿನೊಳಕ್ಕೆ ಅದನ್ನು ಮೇಲಿನಿಂದ ಇಳಿಸಿ ಸ್ಕ್ರೂಗಳಿಂದ ಬಿಗಿಯುತ್ತಾರೆ. ಹೀಗಾಗಿ ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲವೂ ಆಗಿದೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಪ್ರಯೋಜನಕ್ಕೆ ಬರುತ್ತದೆ.

ಕಾರ್ಬುರೇಟರಿನಲ್ಲಿ ತೇಲುಗುಂಡು ಇರುವ ಒಂದು ಚಿಕ್ಕ ಬಟ್ಟಲು ಉಂಟು. ಎಂಜಿನ್ನು ಪೆಟ್ರೋಲನ್ನು ಪಡೆಯುವುದು ವಾಸ್ತವವಾಗಿ ಈ ಬಟ್ಟಲಿನಿಂದಲೇ ಹೊರತು ನೇರವಾಗಿ ಟ್ಯಾಂಕಿನಿಂದಲ್ಲ. ಬಟ್ಟಲು 100 ಮಿಲಿಲೀಟರು ಹಿಡಿಯುತ್ತದೆಂದೂ, ಸಮವೇಗದಲ್ಲಿ ಸಾಗುವ ಎಂಜಿನ್ನು ಗಂಟೆಗೆ 12 ಲೀಟರು ಖರ್ಚುಮಾಡುತ್ತದೆಂದೂ ಭಾವಿಸಿದರೆ, ಟ್ಯಾಂಕಿನಿಂದ ತೊಟ್ಟು ಪೆಟ್ರೋಲು ಬಾರದಿದ್ದರೂ ಅರ್ಧ ನಿಮಿಷ ಎಂಜಿನ್ನು ನಡೆಯುತ್ತದೆ. ಅಷ್ಟರಲ್ಲಿ ಪಂಪು ನಡುವೆ ಗಾಳಿಯನ್ನು ಹೀರಿದ್ದರೂ ಚಿಂತೆಯಿಲ್ಲ. ಆ ಗಾಳಿ ಬಟ್ಟಲಿನ ರಂಧ್ರದಿಂದ ಹೊರಕ್ಕೆ ಹೋಗುತ್ತದೆ. ಹಳೆಯ ಟ್ಯಾಂಕಿನ ಎಲ್ಲ ದೋಷಗಳನ್ನೂ ಈ ಬಟ್ಟಲು ಸದ್ದಿಲ್ಲದೆ ಮರೆಮಾಚುತ್ತಿದ್ದಿತು.

ಇಂಜೆಕ್ಷನ್ ವ್ಯವಸ್ಥೆಯಲ್ಲಿ ಬಟ್ಟಲಿಲ್ಲ. ಹಳೆಯ ಯಾಂತ್ರಿಕ ಪಂಪಿನ ಒತ್ತಡ ಸುಮಾರು 0.3 ಬಾರ್ ಇದ್ದರೆ, ಇಲ್ಲಿ 3 ರಿಂದ 4 ಬಾರ್ ಒತ್ತಡ ಬೇಕು. ಗಾಳಿ ಕುಗ್ಗುವ ವಸ್ತುವಾದ್ದರಿಂದ, ಪಂಪಿನ ಬಾಯಿಗೆ ಗುಳ್ಳೆಗಳು ಬಂದೊಡನೆ ಒತ್ತಡ ಕುಸಿದು ಎಂಜಿನ್ನು ಮುಗ್ಗರಿಸುತ್ತದೆ. ಸಾಲದುದಕ್ಕೆ, ಈ ಪಂಪನ್ನು ತಂಪಾಗಿಡುವುದೂ ಅದರ ಸವೆತವನ್ನು ತಡೆಯುವುದೂ ಅದರ ಮೂಲಕ ಹರಿಯುವ ಪೆಟ್ರೋಲೇ. ಪದೇ ಪದೇ ಗಾಳಿಯನ್ನು ಹೀರಿದರೆ ಪಂಪು ಬೇಗನೆ ಕೆಡುತ್ತದೆ.

ತಿರುವಿನಲ್ಲಿ ಟ್ಯಾಂಕಿನೊಳಗೆ ನಡೆಯುವುದೇನೆಂಬುದನ್ನು ಲೆಕ್ಕದಿಂದ ಕಾಣಬಹುದು. ಸರಳತೆಗಾಗಿ 80 ಸೆಂ.ಮೀ. ಅಗಲ, 50 ಸೆಂ.ಮೀ. ಉದ್ದ, 15 ಸೆಂ.ಮೀ. ಎತ್ತರದ, 60 ಲೀಟರಿನ ಪೆಟ್ಟಿಗೆಯೊಂದನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ 10 ಲೀಟರು ಉಳಿದಿದ್ದರೆ ಆಳ ಕೇವಲ 2.5 ಸೆಂ.ಮೀ. 15 ಮೀಟರು ತ್ರಿಜ್ಯದ ಘಟ್ಟದ ತಿರುವನ್ನು ಕಾರು ಗಂಟೆಗೆ 25 ಕಿ.ಮೀ. ವೇಗದಲ್ಲಿ ಸುತ್ತಿದಾಗ, ರಸ್ತೆಗೆ ಓರೆಯಿಲ್ಲದಿದ್ದರೆ, ಪಕ್ಕದ ವೇಗೋತ್ಕರ್ಷ ಗುರುತ್ವದ ಮೂರನೆಯ ಒಂದು ಪಾಲಿನಷ್ಟಾಗುತ್ತದೆ. ಪೆಟ್ರೋಲಿನ ಮೇಲ್ಮೈ ಆಗ ಸುಮಾರು 18 ಡಿಗ್ರಿ ವಾಲುತ್ತದೆ. 10 ಲೀಟರೂ ಹೊರಬದಿಯ ಗೋಡೆಗೆ ಒತ್ತರಿಸಿ ಸುಮಾರು 35 ಸೆಂ.ಮೀ. ಅಗಲದ ತ್ರಿಕೋನವಾಗಿ ನಿಲ್ಲುತ್ತದೆ. ಮಧ್ಯಭಾಗವಿರುವುದು ಗೋಡೆಯಿಂದ 40 ಸೆಂ.ಮೀ. ದೂರದಲ್ಲಿ, ಅಲ್ಲಿ ತೊಟ್ಟೂ ಇಲ್ಲ! ಅರ್ಧವೃತ್ತದ ತಿರುವು ಮುಗಿಯಲು ಸುಮಾರು 7 ಸೆಕೆಂಡು ಬೇಕು. ಕಾರ್ಬುರೇಟರಿನ ಬಟ್ಟಲಿಗೆ 7 ಸೆಕೆಂಡು ಲೆಕ್ಕಕ್ಕಿಲ್ಲ. ಇಂಜೆಕ್ಷನ್ ಪಂಪಿಗೆ ಒಂದು ಸೆಕೆಂಡೂ ಹೆಚ್ಚು. ಗಣಿತದಲ್ಲಿ ಆಸಕ್ತಿಯಿಲ್ಲದವರು ಅಗಲವಾದ ಪರಾತದಲ್ಲಿ ಒಂದು ಬೆರಳು ನೀರು ಹಾಕಿ ಓರೆಮಾಡಿ ನೋಡಬಹುದು.

ಹಾಗಾದರೆ ಕೈಬಿಟ್ಟ ಬಟ್ಟಲಿನ ಕೆಲಸವನ್ನು ಬೇರೆಲ್ಲಿಯಾದರೂ ಮಾಡಿಸಲೇಬೇಕು. ಹೆಚ್ಚಿನವರು ಹಿಡಿಯುವ ದಾರಿ, ಒಂದು ಲೀಟರಿನ ಶೇಖರಣಾ ಪಾತ್ರೆಯೊಂದನ್ನು ಬೇರೆಯಾಗಿ ಕೂಡಿಸಿ, ಕಡಿಮೆ ಒತ್ತಡದ ಪಂಪಿನಿಂದ ಅದನ್ನು ಸದಾ ತುಂಬಿಸುತ್ತ, ಅಧಿಕ ಒತ್ತಡದ ಪಂಪು ಅದರಿಂದ ಹೀರುವಂತೆ ಮಾಡುವುದು. ಇಲ್ಲಿ ಅನೇಕರು ಎಡವುವ ಅಂಶವೊಂದುಂಟು. ಅಧಿಕ ಒತ್ತಡದ ಪಂಪು ಗಂಟೆಗೆ 250 ಲೀಟರು ತಳ್ಳುವಂಥದಾದರೆ, ಎಂಜಿನ್ನಿಗೆ ಬೇಕಾದ 12 ಲೀಟರು ಕಳೆದು ಮಿಕ್ಕದ್ದೆಲ್ಲ ಹಿಂದಿರುಗುತ್ತದೆ. ಈ ಮರುಹರಿವನ್ನು ದೊಡ್ಡ ಟ್ಯಾಂಕಿಗೆ ಬಿಟ್ಟರೆ ಪಾತ್ರೆಯ ಒಂದು ಲೀಟರು 14 ಸೆಕೆಂಡಿನಲ್ಲಿ ಬರಿದಾಗುತ್ತದೆ. ಪಾತ್ರೆಗೇ ಬಿಟ್ಟರೆ ಅದೇ ಒಂದು ಲೀಟರು ಐದು ನಿಮಿಷ ಬಾಳುತ್ತದೆ. ಕೊಳವೆಯ ತುದಿಯನ್ನು ಎಲ್ಲಿ ಕೂಡಿಸಿದೆವೆಂಬುದರ ಮೇಲೆ ಇಷ್ಟು ಅಂತರ.

ಆದರೂ ಮಸ್ಟಾಂಗ್ ಕಾರಿನಲ್ಲಿ ಈ ಪಾತ್ರೆಯನ್ನು ಡಿಕ್ಕಿಯಲ್ಲಿ ಇರಿಸುವುದು ನಮಗೆ ಸಮ್ಮತವಲ್ಲ. ಡಿಕ್ಕಿಗೂ ಹಿಂದಿನ ಆಸನಕ್ಕೂ ನಡುವೆ ಮೂಲದಲ್ಲಿ ಉಕ್ಕಿನ ಗೋಡೆಯಿಲ್ಲ. ರಟ್ಟಿನ ಮರೆ ಮಾತ್ರ. ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲವಾಗಿರುವುದರಿಂದ ಹಿಂದಿನಿಂದ ಬಲವಾದ ಪೆಟ್ಟು ಬಿದ್ದರೆ ಆಗುವ ಅಪಾಯ ಮೊದಲೇ ಇದೆ. ಅಲ್ಲಿಯೇ 3 ಬಾರ್ ಒತ್ತಡದ ಕೊಳವೆಗಳನ್ನು ಹಾಯಿಸುವುದು ಯುಕ್ತವೆ? ಕಡಿಮೆ ಒತ್ತಡದ ಕೊಳವೆ ಒಡೆದರೆ ಪೆಟ್ರೋಲು ತೊಟ್ಟಿಕ್ಕುತ್ತದೆ. ಅಧಿಕ ಒತ್ತಡದ್ದು ಒಡೆದರೆ ತುಂತುರಾಗಿ ಚಿಮ್ಮುತ್ತದೆ. ಆದುದರಿಂದ ಪಂಪನ್ನೂ ಅದರ ಪಾತ್ರೆಯನ್ನೂ ಟ್ಯಾಂಕಿನ ಒಳಗೇ ಇರಿಸುವುದು ಮೇಲೆಂದು ನಮ್ಮ ಅಭಿಪ್ರಾಯ. ಇಂದಿನ ಕಾರುಗಳಲ್ಲಿ ಹಿಂದಿರುಗುವ ಪೆಟ್ರೋಲನ್ನು ಕಿರಿದಾದ ಮೂತಿಯೊಂದರ ಮೂಲಕ ರಭಸವಾಗಿ ಹಾಯಿಸಿ, ಆ ಸೆಳೆತದಿಂದಲೇ ಟ್ಯಾಂಕಿನ ಪೆಟ್ರೋಲನ್ನು ಒಳಪಾತ್ರೆಗೆ ಎಳೆದುಕೊಳ್ಳುವ ಉಪಾಯವಿದೆ. ಬೇರೊಂದು ಪಂಪಿನ ಹಂಗಿಲ್ಲದೆ, ವ್ಯರ್ಥವಾಗಿ ತಿರುಗಿಬರುತ್ತಿದ್ದ ಹರಿವೇ ಪಾತ್ರೆಯನ್ನು ತುಂಬಿಸುವ ಈ ಯುಕ್ತಿ ಮೆಚ್ಚತಕ್ಕದ್ದು.

ಇದಕ್ಕಾಗಿ ಹಳೆಯ ಟ್ಯಾಂಕನ್ನೇ ಕೊರೆದು ಬೆಸೆಯಬೇಕೆ? ಬೇಡವೆನ್ನುತ್ತೇವೆ. ಗಾಳಿಯಲ್ಲಿ ಪೆಟ್ರೋಲಿನ ಆವಿ ಶೇಕಡ 1.4ರಷ್ಟು ಸೇರಿದರೂ ಸಾಕು, ಕಿಡಿಗೆ ಸಿಡಿಯುತ್ತದೆ. 60 ಲೀಟರಿನ ಬರಿಯ ಟ್ಯಾಂಕಿನಲ್ಲಿ ಅಷ್ಟು ಆವಿ ಹುಟ್ಟಲು ನಾಲ್ಕೈದು ಮಿಲಿಲೀಟರು ಪೆಟ್ರೋಲು, ಎಂದರೆ ಒಂದು ಚಿಕ್ಕ ಚಮಚೆಯಷ್ಟು ಸಾಕು. ತಗಡಿನ ಮಡಿಕೆಗಳಲ್ಲಿ ಅಷ್ಟು ಅಡಗಿರುವುದು ದೊಡ್ಡದಲ್ಲ. ಬರಿದಾದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ ಎಂಬ ಮಾತನ್ನು ಬೆಸುಗೆಯವರು ಬಲ್ಲರು, ಆದರೆ ಅವಸರದಲ್ಲಿ ಮರೆಯುತ್ತಾರೆ. ಒಳಪಾತ್ರೆಯನ್ನೂ ಪಂಪಿನ ಬಾಯಿಯನ್ನೂ ಉಳ್ಳ ಹೊಸ ಟ್ಯಾಂಕನ್ನು ಅದೇ ತೆರಪಿಗೆ ಹೊಂದುವಂತೆ ತಂದು ಕೂಡಿಸಿ, ಹಳೆಯದನ್ನು ಒಣಗಿಸಿ ಎತ್ತಿಟ್ಟರೆ, ಮುಂದೆ ಕಾರನ್ನು ಮೂಲರೂಪಕ್ಕೆ ತರಬೇಕೆನಿಸಿದಾಗ ಅದು ಒದಗುತ್ತದೆ.

ಕೊಳವೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕಾರ್ಬುರೇಟರ್ ಕಾಲದ ರಬ್ಬರು ಕೊಳವೆ ಈ ಒತ್ತಡವನ್ನು ತಾಳದು. ಟ್ಯಾಂಕಿನೊಳಗೆ ಮುಳುಗಿರುವ ತುಂಡಿಗಂತೂ ಹೊರಮೈಯೂ ಪೆಟ್ರೋಲನ್ನು ತಡೆಯುವ ಬೇರೆ ಜಾತಿಯದೇ ಬೇಕು. ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ಕೆಡಿಸುವುದಲ್ಲದೆ ನೀರನ್ನು ಸೆಳೆದುಕೊಂಡು ತಗಡಿನ ತುಕ್ಕಿಗೂ ಕಾರಣವಾಗುತ್ತದೆ. ಶೇಕಡ 20 ಎಥನಾಲಿನ ಪೆಟ್ರೋಲು ನಮ್ಮ ದೇಶದಲ್ಲಿ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆಯಾದುದರಿಂದ, ಇಲ್ಲಿ ಹಳೆಯ ಕಾರುಗಳನ್ನಿಟ್ಟುಕೊಂಡವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಅಪಘಾತದಲ್ಲಿ ಎಂಜಿನ್ನು ನಿಂತೊಡನೆ ಪಂಪೂ ನಿಲ್ಲುವಂತೆ ವಿದ್ಯುತ್ ಸಂಪರ್ಕವನ್ನು ಏರ್ಪಡಿಸಿರಬೇಕು. ಕೀಲಿಯಿಂದ ನೇರವಾಗಿ ತಂತಿ ಎಳೆಯುವುದು ಅಕ್ಷಮ್ಯ.

ಕಡೆಯದಾಗಿ ಪೆಟ್ರೋಲ್ ಮಾಪಕದ ವಿಚಾರ. ಮಸ್ಟಾಂಗ್ ಕಾರಿನ ಮಾಪಕಕ್ಕೆ ಟ್ಯಾಂಕು ತುಂಬಿದಾಗ ಸುಮಾರು 10 ಓಮ್, ಬರಿದಾದಾಗ ಸುಮಾರು 73 ಓಮ್ ರೋಧ ಬೇಕು. ಜನರಲ್ ಮೋಟಾರ್ಸ್ ಕಾರುಗಳಿಗೆಂದು ಮಾಡಿದ ಸಾಧನದಲ್ಲಿ ರೋಧದ ಕ್ರಮ ಇದಕ್ಕೆ ವಿರುದ್ಧ. ಅದನ್ನು ತಂದು ಹಾಕಿದರೆ ಟ್ಯಾಂಕು ಬರಿದಾಗುತ್ತ ಹೋದಂತೆಲ್ಲ ಮುಳ್ಳು ಏರುತ್ತದೆ. ಒಳಗಿನ ಪಂಪು ತಂಪಾಗಿರಲು ಪೆಟ್ರೋಲಿನಲ್ಲಿ ಮುಳುಗಿರಬೇಕಾದುದರಿಂದ, ಹೊಸ ಟ್ಯಾಂಕನ್ನು ಕೂಡಿಸುವ ಮೊದಲೇ ಈ ಎರಡು ರೋಧಗಳನ್ನೂ ಮೀಟರಿನಿಂದ ಅಳೆದು ನೋಡತಕ್ಕದ್ದು.