ಬುಷ್ ಹೋಗಿದೆ ಎಂದರೆ ಹೋದದ್ದು ಏನು?

ಗೇರ್ ಲಿವರ್ ಲೊಡಲೊಡ ಅನ್ನುವ ಕಾರನ್ನು ಯಾವ ಗ್ಯಾರೇಜಿಗೆ ಒಯ್ದರೂ ಮೆಕ್ಯಾನಿಕ್ ಅದನ್ನು ಎರಡು ಸಲ ಅತ್ತಿತ್ತ ಅಲ್ಲಾಡಿಸಿ, "ಬುಷ್ ಹೋಗಿದೆ ಸಾರ್" ಎಂದುಬಿಡುತ್ತಾರೆ. ಹೆಚ್ಚಿನ ಸಲ ಆ ಮಾತು ಸರಿಯಾಗಿಯೇ ಇರುತ್ತದೆ. ನನ್ನ ಹದಿನಾಲ್ಕು ವರ್ಷ ಹಳೆಯ ಕಾರಿನ ವಿಷಯದಲ್ಲೂ ಸರಿಯಾಗಿತ್ತು. ಶಿರಾಡಿ ಘಾಟಿಯ ತಿರುವಿನಲ್ಲಿ ಮೂರರಿಂದ ಎರಡಕ್ಕೆ ಇಳಿಸಲು ಹೋದರೆ ಲಿವರ್ ಮಜ್ಜಿಗೆಯ ಕಡಗೋಲಿನ ಹಾಗೆ ನ್ಯೂಟ್ರಲ್‌ನಲ್ಲೇ ತಿರುಗುತ್ತಿತ್ತು. ಎರಡನೇ ಗೇರ್ ಎಲ್ಲಿದೆ ಎಂದು ಕೈ ತಡಕಾಡುವಷ್ಟರಲ್ಲಿ ಹಿಂದಿನ ಲಾರಿಯ ಹಾರನ್ ಕೇಳಿಸುತ್ತಿತ್ತು. ಆದರೆ ಒಂದು ಕಾರಿನಲ್ಲಿ ಲಿವರಿಗೂ ಗೇರ್‌ಬಾಕ್ಸಿಗೂ ನಡುವೆ ಬುಷ್ ಒಂದೇ ಇರುವುದಿಲ್ಲ. ಹೋದದ್ದು ಯಾವುದು, ಅದರ ಜಾಗಕ್ಕೆ ಎಂಥದ್ದನ್ನು ಹಾಕಬೇಕು ಎಂದು ಹುಡುಕುತ್ತ ಹೋದಾಗ, ಬೆರಳುದ್ದವೂ ಇಲ್ಲದ ಈ ಬಳೆಯ ಹಿಂದೆ ಎಷ್ಟು ಭೌತಶಾಸ್ತ್ರ ಅಡಗಿದೆ ಎಂಬುದು ಕಂಡಿತು.

ಬುಷ್ ಎಂದರೆ ಒಂದರ ಮೇಲೊಂದು ಚಲಿಸುವ ಎರಡು ಭಾಗಗಳ ನಡುವೆ ಕೂರುವ ಬಳೆ. ಎತ್ತಿನ ಗಾಡಿಯ ಅಚ್ಚಿನ ಮೇಲೆ ಚಕ್ರದ ಗುಂಬ ತಿರುಗುವ ಜಾಗದಲ್ಲಿ ಕಬ್ಬಿಣದ ಬಳೆ ಕೂರಿಸಿ ಕೀಲೆಣ್ಣೆ ಹಚ್ಚುತ್ತಿದ್ದರಲ್ಲ, ಅದರ ವಂಶದ್ದೇ ಇದು. ಸವೆಯುವುದಿದ್ದರೆ ಬಳೆ ಸವೆಯಲಿ, ಅಚ್ಚು ಉಳಿಯಲಿ ಎಂಬುದು ಅಲ್ಲಿನ ಲೆಕ್ಕ. ಕಾರಿಗೆ ಬಂದ ಮೇಲೆ ಬುಷ್‌ಗೆ ಎರಡನೆಯ ಕೆಲಸವೊಂದು ಸೇರಿಕೊಂಡಿತು: ಎಂಜಿನ್ನಿನ ನಡುಕ ಕೈವರೆಗೆ ಬಾರದಂತೆ ತಡೆಯುವುದು. ಅದಕ್ಕಾಗಿಯೇ ಕಬ್ಬಿಣ ಹೋಗಿ ರಬ್ಬರ್ ಮತ್ತು ಪ್ಲಾಸ್ಟಿಕ್ ಬಂದವು.

ಈಗಿನ ಹೆಚ್ಚಿನ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಗೇರ್‌ಬಾಕ್ಸ್ ಬಾನೆಟ್ ಕೆಳಗೆ ಎಂಜಿನ್ನಿಗೆ ಅಂಟಿಕೊಂಡು ಅಡ್ಡಲಾಗಿ ಕೂತಿರುತ್ತದೆ. ಲಿವರ್ ಇರುವುದು ಮುಂದಿನ ಎರಡು ಸೀಟುಗಳ ನಡುವೆ. ಇವೆರಡನ್ನೂ ಜೋಡಿಸುವುದು ಎರಡು ಕೇಬಲ್. ಒಂದು ಲಿವರಿನ ಎಡಬಲದ ಚಲನೆಯನ್ನು ಒಯ್ಯುತ್ತದೆ, ಇನ್ನೊಂದು ಹಿಂದುಮುಂದಿನ ಚಲನೆಯನ್ನು. ಪ್ರತಿ ಕೇಬಲಿನ ತುದಿಯಲ್ಲಿ ಒಂದು ಕಣ್ಣು, ಕಣ್ಣಿನೊಳಗೆ ಬುಷ್, ಬುಷ್‌ನೊಳಗೆ ಪಿನ್ನು. ಲಿವರಿನ ಬುಡ ಕಾರಿನ ನೆಲಕ್ಕೆ ಬೋಲ್ಟ್ ಆಗುವ ಕಡೆ ಅನೇಕ ಕಾರುಗಳಲ್ಲಿ ಮತ್ತೆ ರಬ್ಬರ್ ಬುಷ್‌ಗಳಿರುತ್ತವೆ. ಮಾರುತಿ 800ರಂಥ ಹಳೆಯ ಕಾರುಗಳಲ್ಲಿ ಕೇಬಲ್ ಇರಲಿಲ್ಲ, ರಾಡುಗಳಿದ್ದವು. ಒಂದು ರಾಡು ಗೇರ್ ಬದಲಿಸುತ್ತಿತ್ತು. ಇನ್ನೊಂದು ಲಿವರಿನ ಬುಡವನ್ನು ಗೇರ್‌ಬಾಕ್ಸಿಗೆ ಕಟ್ಟಿಹಾಕಿ, ಎಂಜಿನ್ ಅಲುಗಿದಾಗ ಲಿವರೂ ಜೊತೆಗೇ ಅಲುಗುವಂತೆ ನೋಡಿಕೊಳ್ಳುತ್ತಿತ್ತು. ಜೀಪಿನಂಥ ಗಾಡಿಗಳಲ್ಲಿ, ಮಾಜ್ದಾದ ಎಂಎಕ್ಸ್-5ರಂಥ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿ ಲಿವರ್ ನೇರ ಗೇರ್‌ಬಾಕ್ಸಿನೊಳಕ್ಕೇ ಇಳಿಯುತ್ತದೆ. ಅಲ್ಲಿ ಸವೆಯುವುದು ಲಿವರಿನ ಬುಡದ ಬುಷ್.

ಈಗ ಸಣ್ಣದೊಂದು ಲೆಕ್ಕ. ಲಿವರ್ ಅನ್ನುವುದು ಸನ್ನೆಕೋಲು. ಅದು ತಿರುಗುವ ಬಿಂದುವಿನಿಂದ ಮೇಲೆ ಕೈಹಿಡಿಯುವ ಗುಂಡಿನವರೆಗೆ 250 ಮಿಲಿಮೀಟರ್, ಕೆಳಗೆ ಕೇಬಲ್ ಕಟ್ಟಿದ ಜಾಗದವರೆಗೆ 50 ಮಿಲಿಮೀಟರ್ ಎಂದುಕೊಳ್ಳೋಣ. (ಅಳತೆ ಕಾರಿನಿಂದ ಕಾರಿಗೆ ಬೇರೆಯಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ.) ಕೇಬಲ್ ಕಣ್ಣಿನ ಬುಷ್ ಸವೆದು 1 ಮಿಲಿಮೀಟರ್ ಸಡಿಲವಾದರೆ ಮೇಲೆ ಗುಂಡು 5 ಮಿಲಿಮೀಟರ್ ಸುಮ್ಮನೆ ಅಲ್ಲಾಡುತ್ತದೆ. ಬುಡದ ಬುಷ್ ಅಷ್ಟೇ ಸಡಿಲವಾದರೆ? ಆಗ ಕೇಬಲ್ ಕಟ್ಟಿದ ತುದಿಯೇ ನಿಂತ ಬಿಂದುವಾಗಿ ಇಡೀ 300 ಮಿಲಿಮೀಟರ್ ಕೋಲು ಅದರ ಸುತ್ತ ತಿರುಗುತ್ತದೆ. ಗುಂಡಿನಲ್ಲಿ 6 ಮಿಲಿಮೀಟರ್. ಗೇರ್ ಬೀಳಲು ಗುಂಡು ಸಾಗುವ ದಾರಿಯೇ ಐದಾರು ಸೆಂಟಿಮೀಟರ್ ಇರುವಾಗ ಇದು ಸಣ್ಣ ನಷ್ಟವಲ್ಲ.

ಬಲದ ಲೆಕ್ಕ ಇನ್ನೂ ಸ್ವಾರಸ್ಯಕರ. ಗುಂಡನ್ನು 3 ಕಿಲೋ ಭಾರದಷ್ಟು ಬಲದಿಂದ ತಳ್ಳಿದರೆ ಕೇಬಲಿನ ಮೇಲೆ ಬೀಳುವುದು 15 ಕಿಲೋ, ಬುಡದ ಬುಷ್‌ಗಳ ಮೇಲೆ 18 ಕಿಲೋ. ಅಂದರೆ ಕೈಯ ಬಲ ಆರುಪಟ್ಟಾಗಿ ಬುಡದ ರಬ್ಬರನ್ನು ಒತ್ತುತ್ತದೆ, ಆ ರಬ್ಬರ್ ಬಗ್ಗಿದ್ದು ಮತ್ತೆ ಆರುಪಟ್ಟಾಗಿ ಕೈಗೆ ಕಾಣುತ್ತದೆ. ಆರಾರಲಿ ಮೂವತ್ತಾರು. ಬುಡದ ನಾಲ್ಕು ಪುಟ್ಟ ರಬ್ಬರ್ ಬಳೆಗಳನ್ನು ಬದಲಿಸಿದ ತಕ್ಷಣ ಇಡೀ ಗೇರ್‌ಬಾಕ್ಸೇ ಹೊಸದಾದಂತೆ ಭಾಸವಾಗುವುದರ ಗುಟ್ಟು ಈ ಮೂವತ್ತಾರರಲ್ಲಿದೆ. ಹೋಂಡಾ ಸಿವಿಕ್, ಫೋರ್ಡ್ ಫೋಕಸ್‌ನಂಥ ಕಾರುಗಳನ್ನು ಪ್ರೀತಿಯಿಂದ ತಿದ್ದಿಕೊಳ್ಳುವ ಅಮೆರಿಕ, ಯುರೋಪಿನ ಹವ್ಯಾಸಿಗಳಲ್ಲಿ ಹಲವರು ಕೈಹಾಕುವುದು ಈ ಜಾಗಕ್ಕೇ. ಅಲ್ಲಿ ಗಟ್ಟಿ ಬುಷ್‌ಗಳ ಸೆಟ್ಟುಗಳು ಸಿದ್ಧವಾಗಿ ಸಿಗುತ್ತವೆ.

ಇಲ್ಲಿ ಎರಡು ಮಾತನ್ನು ಬೇರೆ ಮಾಡಿ ಇಟ್ಟುಕೊಳ್ಳಬೇಕು. ಗ್ಯಾರೇಜಿನಲ್ಲಿ ಎರಡಕ್ಕೂ 'ಪ್ಲೇ' ಎಂಬ ಒಂದೇ ಹೆಸರು ಇರುವುದರಿಂದ ಬಹಳ ಗೊಂದಲವಾಗುತ್ತದೆ. ಒಂದು ಸಡಿಲ, ಇನ್ನೊಂದು ಮೃದು. ಸಡಿಲವೆಂದರೆ ಬುಷ್‌ಗೂ ಪಿನ್ನಿಗೂ ನಡುವೆ ಖಾಲಿ ಜಾಗವಿದೆ ಎಂದರ್ಥ: ಲಿವರ್ ಒಂದಿಷ್ಟು ದೂರ ಯಾವ ಬಲವೂ ಬೇಡದೆ ಹೋಗುತ್ತದೆ, ಆಮೇಲೆ ಟಕ್ಕೆಂದು ನಿಲ್ಲುತ್ತದೆ, ಬಿಟ್ಟರೆ ಅಲ್ಲೇ ಇರುತ್ತದೆ. ಮೃದುವೆಂದರೆ ಖಾಲಿ ಜಾಗವಿಲ್ಲ, ರಬ್ಬರ್ ಬಗ್ಗುತ್ತಿದೆ: ತಳ್ಳಿದಷ್ಟೂ ಬಲ ಏರುತ್ತದೆ, ಬಿಟ್ಟರೆ ಲಿವರ್ ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಬರುತ್ತದೆ. ಸಡಿಲ ಒಂದು ರೋಗ. ಮೃದುತನ ಕಾರು ಮಾಡಿದವರು ಬೇಕೆಂದೇ ಇಟ್ಟದ್ದು.

ಯಾಕೆ ಇಟ್ಟರು? ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಸಲ ಒಳಗೆ ಇಂಧನ ಸಿಡಿಯುತ್ತದೆ. ಮೂರು ಸಿಲಿಂಡರಿನ ಎಂಜಿನ್ ನಿಂತಲ್ಲೇ 800 ಸುತ್ತಿನಲ್ಲಿ ಓಡುತ್ತಿದ್ದರೂ ಸೆಕೆಂಡಿಗೆ 20 ಸಲ. ಆ ಒಂದೊಂದು ಸಿಡಿತವೂ ಎಂಜಿನ್ನನ್ನು ನಡುಗಿಸುತ್ತದೆ, ಮೂಲ ನಡುಕದ ಜೊತೆಗೆ ಅದರ ಎರಡುಪಟ್ಟು, ಮೂರುಪಟ್ಟು ವೇಗದ ಕಿರುನಡುಕಗಳೂ ಹುಟ್ಟುತ್ತವೆ. ನಮ್ಮ ಅಂಗೈ ಚರ್ಮದ ಆಳದಲ್ಲಿ ಈರುಳ್ಳಿಯಂತೆ ಪದರಪದರವಾದ ಪಸೀನಿ ಕಣಗಳೆಂಬ ಸಂವೇದಕಗಳಿವೆ. ಸೆಕೆಂಡಿಗೆ 200ರಿಂದ 300 ಸಲದ ನಡುಕಕ್ಕೆ ಅವು ಎಲ್ಲಕ್ಕಿಂತ ಹೆಚ್ಚು ಚುರುಕು. 3,000 ಸುತ್ತಿನ ಆ ಎಂಜಿನ್ನಿನ ಕಿರುನಡುಕಗಳು ಬಂದು ಬೀಳುವುದು ಸರಿಯಾಗಿ ಆ ವಲಯಕ್ಕೇ. ಮೃದುವಾದ ಬುಷ್ ನಿಧಾನದ ಚಲನೆಯನ್ನು, ಅಂದರೆ ನಿಮ್ಮ ಕೈಯ ತಳ್ಳುವಿಕೆಯನ್ನು ದಾಟಿಸಿ, ವೇಗದ ನಡುಕವನ್ನು ದಾಟಗೊಡದೆ ತಡೆಯುತ್ತದೆ, ಒಂದಿಷ್ಟನ್ನು ತನ್ನಲ್ಲೇ ಶಾಖವಾಗಿ ಕರಗಿಸುತ್ತದೆ. ಬುಷ್ ಗಟ್ಟಿಯಾದಷ್ಟೂ ಈ ಜರಡಿಯ ಕಣ್ಣು ದೊಡ್ಡದಾಗುತ್ತದೆ.

ಆದರೆ ಅದೇ ಜರಡಿ ಒಳ್ಳೆಯ ಸುದ್ದಿಯನ್ನೂ ಹಿಡಿದಿಡುತ್ತದೆ. ಗೇರ್‌ಬಾಕ್ಸಿನೊಳಗೆ ಸ್ಪ್ರಿಂಗಿನ ಒತ್ತಡದಲ್ಲಿರುವ ಒಂದು ಉಕ್ಕಿನ ಗೋಲಿ ಕಚ್ಚಿನೊಳಕ್ಕೆ ಬಿದ್ದಾಗ ಗೇರ್ ಬಿದ್ದದ್ದು ಕೈಗೆ ತಿಳಿಯಬೇಕು. ಅದಕ್ಕೆ ತುಸು ಮೊದಲು ಸಿಂಕ್ರೊಮೆಶ್ಶಿನ ಶಂಕುವಿನಾಕಾರದ ಬಳೆ ಗೇರಿಗೆ ಉಜ್ಜಿ ಎರಡರ ವೇಗವನ್ನೂ ಸಮ ಮಾಡುವಾಗಿನ ಕ್ಷಣಕಾಲದ ತಡೆಯೂ ತಿಳಿಯಬೇಕು. 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಮೊದಲು ಬಂದ ಸಿಂಕ್ರೊಮೆಶ್ ಈಗ ಕೈಯಲ್ಲಿ ಗೇರ್ ಬದಲಿಸುವ ಬಹುತೇಕ ಎಲ್ಲ ಕಾರಿನಲ್ಲೂ ಇದೆ. ಒಳ್ಳೆಯ ಲಿವರ್ ಇದನ್ನೆಲ್ಲ ಅಂಗೈಗೆ ಹೇಳುತ್ತದೆ. ಸವೆದ ಬುಷ್ ಅದನ್ನು ಕಂಬಳಿ ಹೊದ್ದವರ ಮಾತಿನ ಹಾಗೆ ಮಬ್ಬಾಗಿಸುತ್ತದೆ. ಗಟ್ಟಿ ಬುಷ್‌ನ ನಿಜವಾದ ಲಾಭ ವೇಗವಾಗಿ ಗೇರ್ ಹಾಕುವುದರಲ್ಲಿಲ್ಲ, ಈ ಮಾತು ಸ್ಪಷ್ಟವಾಗಿ ಕೇಳಿಸುವುದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಇನ್ನು ಯಾವ ವಸ್ತು? ಕಾರ್ಖಾನೆಯಿಂದ ಬರುವ ಬುಷ್‌ಗಳಲ್ಲಿ ರಬ್ಬರ್ ಹೆಚ್ಚು. ಸುಳ್ಯ, ಬೆಳ್ತಂಗಡಿಯ ರಬ್ಬರ್ ತೋಟಗಳಲ್ಲಿ ಬೆಳಗಿನ ಜಾವ ತೊಗಟೆ ಗೀರಿ ಇಳಿಸುವ ಹಾಲು ಹಾಗೇ ಒಣಗಿದರೆ ಬಿಸಿಲಿಗೆ ಅಂಟು, ಚಳಿಗೆ ಪೆಡಸು. ಗಂಧಕ ಸೇರಿಸಿ ಕಾಯಿಸಿದರೆ ಅದರ ಉದ್ದುದ್ದ ಅಣುಸರಪಳಿಗಳ ನಡುವೆ ಅಡ್ಡಕೊಂಡಿಗಳು ಬೀಳುತ್ತವೆ. ಹೀಗೆ ಕಾಯಿಸಿದರೆ ಅದು ಬಾಳಿಕೆ ಬರುವ ರಬ್ಬರಾಗುತ್ತದೆ ಎಂಬುದನ್ನು 1839ರಲ್ಲಿ ಕಂಡುಕೊಂಡವರು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ಲೋಹದ ಬಳೆಗೆ ಅಂಟಿಸಿದ ರಬ್ಬರ್ ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಹಾಗಾಗಿ ಅದಕ್ಕೆ ಕೀಲೆಣ್ಣೆಯೂ ಬೇಡ, ಸದ್ದೂ ಇಲ್ಲ. ಅದರ ಶತ್ರುಗಳು ಶಾಖ, ಗಾಳಿಯ ಓಝೋನ್ ಮತ್ತು ಎಣ್ಣೆ. ಸಹಜ ರಬ್ಬರ್ ಖನಿಜ ಎಣ್ಣೆ ಕುಡಿದು ಊದಿಕೊಳ್ಳುತ್ತದೆ. ಹಾಗೆ ಅಂಟಿಸದೆ ಕಿರ್ರೆನ್ನುವ ರಬ್ಬರ್ ಬುಷ್‌ಗೆ ಎಂಜಿನ್ ಆಯಿಲ್ ಬಿಡುವುದು ಅದಕ್ಕೇ ತಪ್ಪು, ಅಲ್ಲಿಗೆ ಸಿಲಿಕೋನ್ ಗ್ರೀಸ್ ಬೇಕು.

ಗಟ್ಟಿ ಬುಷ್ ಎಂದು ಮಾರಾಟವಾಗುವುದರಲ್ಲಿ ಪಾಲಿಯುರೆಥೇನ್ ಮುಖ್ಯ. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು ರೂಪಿಸಿದ ರಸಾಯನವಿದು. ಗಡಸುತನ ಅಳೆಯುವ ಶೋರ್ 'ಎ' ಮಾಪಕದಲ್ಲಿ ಟೈರಿನ ಮೇಲ್ಮೈ ಸುಮಾರು 60ರಿಂದ 70ರಷ್ಟಿದ್ದರೆ, ಈ ಬುಷ್‌ಗಳು ಸಾಮಾನ್ಯವಾಗಿ 80ರಿಂದ 95ರವರೆಗೆ ಇರುತ್ತವೆ. ಎಣ್ಣೆಗೆ ಹೆದರುವುದಿಲ್ಲ, ಬೇಗ ಸವೆಯುವುದೂ ಇಲ್ಲ. ಆದರೆ ಅದರಲ್ಲೂ ಎರಡು ಜಾತಿ. ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಶೂವನ್ನು ಒಂದು ದಿನ ತೆಗೆದು ಹಾಕಿಕೊಂಡರೆ ಅಡಿ ಪುಡಿಪುಡಿಯಾಗಿ ಉದುರುವುದನ್ನು ನೋಡಿದ್ದೀರಲ್ಲ? ಅದು ಪಾಲಿಯೆಸ್ಟರ್ ಮೂಲದ ಪಾಲಿಯುರೆಥೇನ್. ಗಾಳಿಯ ತೇವವೇ ಅದರ ಸರಪಳಿಗಳನ್ನು ಕತ್ತರಿಸುತ್ತದೆ. ಪಾಲಿಈಥರ್ ಮೂಲದ್ದು ನೀರನ್ನು ತಾಳಿಕೊಳ್ಳುತ್ತದೆ. ನಾಲ್ಕು ತಿಂಗಳು ಮಳೆ ಹೊಯ್ಯುವ ಕರಾವಳಿ, ಮಲೆನಾಡಿನವರು ಕೊಳ್ಳುವ ಮೊದಲು ಈ ಒಂದು ಪ್ರಶ್ನೆ ಕೇಳುವುದು ಒಳ್ಳೆಯದು.

ನಮ್ಮ ಊರುಗಳಲ್ಲಿ ಮೂರನೆಯ ದಾರಿಯೊಂದಿದೆ: ಲೇತ್ ಅಂಗಡಿ. ಹಳೆಯ ಬುಷ್ ಒಯ್ದರೆ ಅಳತೆ ತೆಗೆದು ನೈಲಾನ್ ರಾಡಿನಲ್ಲಿ ಅಂಥದ್ದೇ ಕಡೆದುಕೊಡುತ್ತಾರೆ. ಬಿಡಿಭಾಗ ಸಿಗದ ಹಳೆಯ ಗಾಡಿಗಳು ಇಂದಿಗೂ ಓಡುತ್ತಿರುವುದಕ್ಕೆ ಈ ಟರ್ನರುಗಳ ಕೈಗುಣವೂ ಕಾರಣ, ಅವರ ಮೇಲೆ ನನಗೆ ತುಂಬ ಗೌರವ. ಆದರೆ ನೈಲಾನ್ ನೀರು ಕುಡಿಯುತ್ತದೆ. ನೀರಲ್ಲೇ ನೆನೆಸಿಟ್ಟರೆ ತನ್ನ ತೂಕದ ಶೇಕಡ 8-9ರಷ್ಟು ಹೀರಿಕೊಂಡು ಊದುತ್ತದೆ. ಬೇಸಿಗೆಯಲ್ಲಿ ಕೂದಲೆಳೆ ಅಂತರವೂ ಇಲ್ಲದಂತೆ ಬಿಗಿಯಾಗಿ ಕೂರಿಸಿದ ನೈಲಾನ್ ಬುಷ್ ಆಷಾಢದ ಹೊತ್ತಿಗೆ ಪಿನ್ನನ್ನು ಹಿಡಿದುಬಿಡಬಹುದು. 1960ರ ಸುಮಾರಿಗೆ ಮಾರುಕಟ್ಟೆಗೆ ಬಂದ ಡೆಲ್ರಿನ್ ಎಂಬ ಪ್ಲಾಸ್ಟಿಕ್ ಹೀರುವುದು ಶೇಕಡ 1ಕ್ಕಿಂತ ಕಡಿಮೆ, ಜಾರುವುದೂ ನಯವಾಗಿ. ಕಡೆಸುವುದೇ ಆದರೆ ಆ ರಾಡು ಕೊಂಡುಕೊಡುವುದು ಮೇಲು.

ಹಣ ತೆಗೆಯುವ ಮೊದಲು ಪರೀಕ್ಷೆ. ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಲಿವರನ್ನು ನ್ಯೂಟ್ರಲ್‌ನಲ್ಲಿಡಿ. ಒಬ್ಬರು ಅದನ್ನು ನಿಧಾನವಾಗಿ ಆಡಿಸಲಿ, ಇನ್ನೊಬ್ಬರು ಬಾನೆಟ್ ಎತ್ತಿ ಕೇಬಲ್ ಸೇರುವ ಗೇರ್‌ಬಾಕ್ಸಿನ ಕೈಗಳನ್ನು ನೋಡಲಿ. ಕೇಬಲಿನ ಕಣ್ಣು ಅಲುಗಿಯೂ ಪಿನ್ನು ಅಲುಗದಿದ್ದರೆ ಬುಷ್ ಮೊಟ್ಟೆಯಾಕಾರಕ್ಕೆ ಸವೆದಿದೆ. ಆ ತುದಿ ಬಿಗಿಯಾಗಿದ್ದು, ಒಳಗೆ ಲಿವರಿನ ಪೆಟ್ಟಿಗೆಯೇ ನೆಲದ ಮೇಲೆ ತೇಲುತ್ತಿದ್ದರೆ ಬುಡದ ಬುಷ್. ಓಡಿಸುವಾಗ ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಲಿವರ್ ಜಿಗಿದರೆ ಎಂಜಿನ್ನನ್ನು ಕಾರಿಗೆ ಹಿಡಿದಿಡುವ ಎಂಜಿನ್ ಮೌಂಟ್ ಸೋತಿರಬಹುದು. ಗೇರ್ ಹಾಕುವಾಗ ಕರಕರ ಅರೆಯುವ ಸದ್ದು ಬಂದರೆ ಕ್ಲಚ್ಚನ್ನೋ ಸಿಂಕ್ರೊಮೆಶ್ಶನ್ನೋ ನೋಡಬೇಕು. ಚಿನ್ನದ ಬುಷ್ ಹಾಕಿದರೂ ಅದು ಹೋಗುವುದಿಲ್ಲ. ಗೇರಿನಲ್ಲಿದ್ದಾಗಲೂ ಹೊಸ ಕಾರಿನ ಲಿವರ್ ಕೂಡ ತುಸು ಅಲ್ಲಾಡುತ್ತದೆ ಎಂಬುದು ನೆನಪಿರಲಿ. ಶಾರ್ಟ್ ಶಿಫ್ಟರ್ ಎಂದು ಮಾರುವುದು ಗಟ್ಟಿ ಬುಷ್‌ಗಿಂತ ಬೇರೆ: ಅದು ಸನ್ನೆಕೋಲಿನ ಅನುಪಾತವನ್ನೇ ಬದಲಿಸಿ ದಾರಿ ಕಡಿಮೆ ಮಾಡುತ್ತದೆ, ಅದಕ್ಕೆ ತಕ್ಕಂತೆ ಕೈಗೆ ಹೆಚ್ಚು ಬಲ ಬೇಕಾಗುತ್ತದೆ.

ನನ್ನ ಕಾರಿನಲ್ಲಿ ಸೋತಿದ್ದು ಹಿಂದುಮುಂದಿನ ಕೇಬಲಿನ ಬುಷ್ ಮತ್ತು ಒಂದು ಎಂಜಿನ್ ಮೌಂಟ್. ಎರಡಕ್ಕೂ ಕಂಪನಿಯ ಅಳತೆಯ ಹೊಸದನ್ನೇ ಹಾಕಿಸಿದೆ, ಮೌಂಟ್ ರಬ್ಬರಿನದ್ದೇ ಇರಲಿ ಎಂದು ಹಟ ಹಿಡಿದೆ. ಬುಡದ ನಾಲ್ಕಕ್ಕೆ ಮಾತ್ರ ಪಾಲಿಯುರೆಥೇನ್ ತರಿಸಿದೆ. ಅವು ಎಂಜಿನ್ನಿಗಲ್ಲ, ಕಾರಿನ ನೆಲಕ್ಕೆ ಕೂರುವುದರಿಂದ ನಡುಕ ಅಷ್ಟಾಗಿ ಏರಲಾರದು ಎಂಬ ಲೆಕ್ಕ. ಅದರ ಮರುವಾರ ಸಕಲೇಶಪುರ ದಾಟಿ ಘಾಟಿ ಇಳಿಯುವಾಗ ಎರಡನೇ ಗೇರ್ ತನ್ನ ಜಾಗದಲ್ಲೇ ಸಿಕ್ಕಿತು, ಗೋಲಿ ಕಚ್ಚಿಗೆ ಬಿದ್ದದ್ದು ಅಂಗೈಗೆ ತಿಳಿಯಿತು. ಮೂರನೇ ಗೇರಿನಲ್ಲಿ ಏರು ಹತ್ತುವಾಗ ಗುಂಡಿನಲ್ಲಿ ಮೊದಲಿಲ್ಲದ ಸಣ್ಣದೊಂದು ಝುಂ ಇದೆ. ಕೈ ತೆಗೆದು ಸ್ಟೇರಿಂಗಿನ ಮೇಲಿಟ್ಟರೆ ಅದು ಗೊತ್ತಾಗುವುದಿಲ್ಲ.