ಔಷಧ ಮತ್ತು ದೇಹದ ತೂಕ

ಕುಣಿಗಲ್ ತಾಲ್ಲೂಕಿನ ಯಡಿಯೂರು ಸಿದ್ಧಲಿಂಗೇಶ್ವರ ಕ್ಷೇತ್ರದ ದಾಸೋಹದಲ್ಲಿ ಕೃಶರೂ ಸ್ಥೂಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಸ್ಥೂಲಕಾಯರನ್ನು ಕಂಡು ‘ಉಂಡು ಬೆಳೆದ ಮೈ’ ಎಂದು ನಗುವವರು ಲೋಕದಲ್ಲಿ ಉಂಟು. ಆದರೆ ಮೈ ಬೆಳೆಯಲು ಊಟವೊಂದೇ ಕಾರಣವಲ್ಲ, ಔಷಧವೂ ಕಾರಣವಾಗಬಲ್ಲದು.

ಉಬ್ಬಸ, ಕೀಲುವಾತಗಳಿಗೆ ದೀರ್ಘಕಾಲ ಸೇವಿಸುವ ಸ್ಟೀರಾಯ್ಡ್ ಮಾತ್ರೆಗಳು ಹಸಿವನ್ನು ಹೆಚ್ಚಿಸುತ್ತವೆ, ದೇಹದಲ್ಲಿ ಉಪ್ಪನ್ನೂ ನೀರನ್ನೂ ತಡೆದಿಡುತ್ತವೆ. 1921ರಲ್ಲಿ ಕಂಡುಹಿಡಿಯಲಾದ ಇನ್ಸುಲಿನ್, ಮೂತ್ರದಲ್ಲಿ ಪೋಲಾಗುತ್ತಿದ್ದ ಸಕ್ಕರೆಯನ್ನು ದೇಹಕ್ಕೆ ದಕ್ಕಿಸುವುದರಿಂದ ತೂಕ ಏರಬಹುದು. ಅದೇ ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್‌ನಿಂದ ಕೆಲವರ ತೂಕ ತುಸು ಇಳಿಯುತ್ತದೆ.

ಪರರ ನಗೆಗೆ ನಾಚಿ ರೋಗಿಯು ಔಷಧವನ್ನು ತಾನಾಗಿಯೇ ನಿಲ್ಲಿಸಬಾರದು. ಸ್ಟೀರಾಯ್ಡನ್ನು ಬಹುಕಾಲ ಸೇವಿಸಿದ ದೇಹವು ತನ್ನದೇ ಕಾರ್ಟಿಸಾಲ್ ಉತ್ಪಾದನೆಯನ್ನು ತಗ್ಗಿಸಿರುತ್ತದೆ. ಮಾತ್ರೆಯನ್ನು ಒಮ್ಮೆಗೇ ಬಿಟ್ಟರೆ ಪ್ರಾಣಕ್ಕೇ ಸಂಚಕಾರ ಬರಬಹುದು. ತೂಕದ ಏರಿಳಿತವನ್ನು ವೈದ್ಯರಿಗೆ ತಿಳಿಸಿದರೆ, ಅವರು ಔಷಧದ ಪ್ರಮಾಣವನ್ನು ಕ್ರಮಕ್ರಮವಾಗಿ ತಗ್ಗಿಸಬಲ್ಲರು. ಇಲ್ಲವೇ ಬೇರೆ ಔಷಧವನ್ನು ಸೂಚಿಸಬಲ್ಲರು.