ಬೇನಾಮಿ ಹೆಸರಿನ ಅಂಗಡಿಗಳು

ಸಹಿಯಿಲ್ಲದ ಅರ್ಜಿಗೆ ನಮ್ಮಲ್ಲಿ ಮೂಗರ್ಜಿಯೆಂದು ಹೆಸರು. ಪರರ ಹೆಸರಿನಲ್ಲಿ ಕೊಂಡ ಆಸ್ತಿಗೆ ಬೇನಾಮಿಯೆನ್ನುವರು. ಇವೆರಡರ ಗುಣಗಳನ್ನೂ ಕೂಡಿಸಿಕೊಂಡು ಅಂತರ್ಜಾಲದಲ್ಲಿ ಒಂದು ವ್ಯಾಪಾರವು ನಡೆಯುತ್ತಿರುವುದು. ಗೃಹಸ್ಥರಾದ ವಾಚಕರು ಅದನ್ನು ಅರಿತಿರುವುದು ಅವಶ್ಯವೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆಯಬೇಕಾಯಿತು.

ಜಾಲತಾಣವನ್ನು ತೆರೆಯಬೇಕೆನ್ನುವವನು ಮೊದಲು ಅದಕ್ಕೊಂದು ವಿಳಾಸದ ಹೆಸರನ್ನು ಪಡೆಯಬೇಕು. ಇದೇ ಡೊಮೇನ್ ಹೆಸರು. ಇದು ಶಾಶ್ವತವಾದ ಕ್ರಯವಲ್ಲ. ವರ್ಷ ವರ್ಷವೂ ಬಾಡಿಗೆ ಕಟ್ಟಿದಂತೆ. ಸಾಮಾನ್ಯವಾದ ಹೆಸರು ವರ್ಷಕ್ಕೆ ಸಾವಿರ ರೂಪಾಯಿಗಿಂತ ಕಡಮೆಗೇ ದೊರೆಯುವುದು. ಒಂದು ಗುಂಟೆ ನೆಲವನ್ನು ಬರೆಸಿಕೊಳ್ಳಬೇಕಾದರೆ ನೋಂದಣಿ ಕಚೇರಿಯಲ್ಲಿ ಭಾವಚಿತ್ರ, ಹೆಬ್ಬೆಟ್ಟು, ಸಾಕ್ಷಿಗಳು ಎಲ್ಲವೂ ಬೇಕು. ಇಲ್ಲಿಯಾದರೋ ಒಂದು ಮಿಂಚಂಚೆಯೂ ಹಣವೂ ಇದ್ದರೆ ಅನೇಕ ಕಡೆ ಕಾರ್ಯವು ಮುಗಿದಂತೆಯೇ.

ಹಿಂದೆ ಹೆಸರು ಪಡೆದವರ ವಿಳಾಸ, ದೂರವಾಣಿಗಳು 'ಹೂಈಸ್' ಎಂಬ ಬಹಿರಂಗ ಪಟ್ಟಿಯಲ್ಲಿರುತ್ತಿದ್ದವು. ೧೯೮೨ರಷ್ಟು ಹಿಂದೆಯೇ ಇದರ ನಿಯಮಗಳು ಬರೆಹಕ್ಕೆ ಬಂದಿದ್ದವು. ಆಗ ಜಾಲವನ್ನು ಬಳಸುತ್ತಿದ್ದವರು ಬೆರಳೆಣಿಕೆಯ ವಿದ್ವಾಂಸರು, ಸಂಶೋಧಕರು, ಮುಚ್ಚುವುದಕ್ಕೇನೂ ಇರಲಿಲ್ಲ. ಬಳಕೆಯು ಹೆಚ್ಚಿದ ಬಳಿಕ, ಹಣ ತೆತ್ತರೆ ಕೊಂಡವನ ಹೆಸರಿನ ಸ್ಥಳದಲ್ಲಿ ತಮ್ಮ ಹೆಸರನ್ನೇ ಬರೆಯಿಸುವ ಸಂಸ್ಥೆಗಳು ಹುಟ್ಟಿಕೊಂಡವು. ೨೦೧೮ನೆಯ ಮೇ ೨೫ರಂದು ಯೂರೋಪಿನ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಜಾರಿಗೆ ಬಂದಮೇಲೆ, ಹೆಸರು ಮಾರುವ ರಿಜಿಸ್ಟ್ರಾರರಲ್ಲಿ ಬಹುಮಂದಿ ಕೇಳದೆಯೇ ಪರದೆಯನ್ನು ಎಳೆದುಬಿಟ್ಟರು.

ಈ ಪರದೆಯೇ ಅನಿಷ್ಟವೆಂದು ಹೇಳುವುದು ನ್ಯಾಯವಾಗಲಾರದು. ಮನೆಯಲ್ಲಿ ಉಪ್ಪಿನಕಾಯಿ ಮಾಡಿ ಮಾರುವ ಹೆಣ್ಣುಮಗಳೊಬ್ಬಳು ತನ್ನ ಬೀದಿ, ಬಾಗಿಲ ಸಂಖ್ಯೆಗಳನ್ನು ಲೋಕಕ್ಕೆಲ್ಲ ಏಕೆ ಸಾರಬೇಕು? ಆದರೆ ಆಕೆಯನ್ನು ಕಾಯುವ ಮರೆಯೇ ಕಳ್ಳನನ್ನೂ ಕಾಯುವುದು.

ಅಮುಲ್ ಹೆಸರಿನ ಪ್ರಕರಣವನ್ನೇ ನೋಡಿರಿ. ಆ ಹೆಸರನ್ನೂ ಚಿಹ್ನೆಯನ್ನೂ ಎತ್ತಿಕೊಂಡು, ಅದಕ್ಕೆ 'ಫ್ರಾಂಚೈಸಿ' ಮುಂತಾದ ಪದಗಳನ್ನು ಅಂಟಿಸಿ, ವಂಚಕರು ಅನೇಕ ತಾಣಗಳನ್ನು ತೆರೆದರು. ಹಾಲಿನ ಅಂಗಡಿಯ ಏಜೆನ್ಸಿ ಕೊಡುವೆವೆಂದು ನಂಬಿಸಿ ಜನರಿಂದ ಹಣವನ್ನು ಕಟ್ಟಿಸಿಕೊಂಡರು. ಗುಜರಾತಿನ ಹಾಲು ಮಾರಾಟ ಸಹಕಾರಿ ಮಹಾಮಂಡಲವು ೨೦೨೦ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕಾಯಿತು. ದಾವೆ ಹೂಡುವುದು ಯಾರ ಮೇಲೆ? ಮನುಷ್ಯನು ಗೊತ್ತಿಲ್ಲ, ಆದುದರಿಂದ ಪ್ರತಿವಾದಿಗಳ ಸಾಲಿನ ಮೊದಲಲ್ಲಿ ನಿಂತುದು ಒಂದು ಜಾಲತಾಣದ ಹೆಸರು! ಇಂತಹ ಅಜ್ಞಾತ ಪ್ರತಿವಾದಿಗೆ ನಮ್ಮ ನ್ಯಾಯಾಲಯಗಳಲ್ಲಿ 'ಅಶೋಕ ಕುಮಾರ'ನೆಂದು ಕರೆಯುವ ವಾಡಿಕೆಯೂ ಉಂಟು. ಇಂಗ್ಲಿಷರ 'ಜಾನ್ ಡೋ' ಇದ್ದಂತೆ. ನಿಜವಾದ ಅಶೋಕ ಕುಮಾರರು ಮುನಿಯದಿರಲಿ. ನ್ಯಾಯಾಲಯವು ಆ ತಾಣಗಳನ್ನು ತಡೆಯುವಂತೆ ಆಜ್ಞಾಪಿಸಿತು. ಆದರೆ ಒಂದು ಹೆಸರು ಮುಚ್ಚಿದರೆ ನಡುವೆ ಒಂದು ಗೆರೆಯನ್ನೋ ಅಕ್ಷರವನ್ನೋ ಸೇರಿಸಿ ಮತ್ತೊಂದನ್ನು ಪಡೆಯಲು ಕಾಲು ಗಂಟೆಯೂ ಬೇಡ. ಏಜೆನ್ಸಿಗೆಂದು ಕೂಡಿಟ್ಟ ಹಣವನ್ನು ಕಳೆದುಕೊಂಡವನಿಗೆ ಅಷ್ಟು ಬೇಗ ಪರಿಹಾರವು ಎಲ್ಲಿಂದ ಬಂದೀತು?

ನಮ್ಮ ದೇಶದ '.ಇನ್' ಹೆಸರುಗಳಲ್ಲಿ ಇಂತಹ ಬೇನಾಮಿ ನೋಂದಣಿಗೆ ಅವಕಾಶವಿಲ್ಲವೆಂಬ ನಿಯಮವೇನೋ ಇರುವುದು. ಸುಳ್ಳು ವಿಳಾಸ ಬರೆದು ಒಳನುಗ್ಗುವವನಿಗೆ ಅದು ದೊಡ್ಡ ತಡೆಯಲ್ಲ. ಮೇಲಿನ ಮೊಕದ್ದಮೆಯ ಮೊದಲ ಹೆಸರೂ '.ಇನ್' ಎಂದೇ ಮುಗಿಯುತ್ತಿತ್ತು. ಬ್ಯಾಂಕುಗಳ ವಿಷಯದಲ್ಲಿ ಮಾತ್ರ ಗಟ್ಟಿಯಾದ ಏರ್ಪಾಡಾಗಿದೆ. ೨೦೨೫ನೆಯ ಅಕ್ಟೋಬರ್ ೩೧ರೊಳಗಾಗಿ ಬ್ಯಾಂಕುಗಳೆಲ್ಲವೂ '.ಬ್ಯಾಂಕ್.ಇನ್' ಎಂದು ಮುಗಿಯುವ ವಿಳಾಸಕ್ಕೆ ಬರತಕ್ಕದ್ದೆಂದು ರಿಜರ್ವ್ ಬ್ಯಾಂಕು ವಿಧಿಸಿತು. ಈ ಹೆಸರನ್ನು ಕೊಡುವ ಅಧಿಕಾರವು ಹೈದರಾಬಾದಿನ ಒಂದೇ ಸಂಸ್ಥೆಗೆ ಸೇರಿದುದು. 'ಮುಗಿಯುವ' ಎಂಬ ಮಾತನ್ನು ಲಕ್ಷ್ಯದಲ್ಲಿಡಬೇಕು: ವಿಳಾಸದ ನಡುವೆ ಈ ಪದಗಳಿದ್ದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ಬ್ಯಾಂಕಿನದಲ್ಲ.

ಇನ್ನೊಂದು ಉಪಾಯವುಂಟು. ಪರದೆಯು ಕೊಂಡವನ ಹೆಸರನ್ನು ಮರೆಮಾಡಿದರೂ, ವಿಳಾಸವು ನೋಂದಣಿಯಾದ ದಿನಾಂಕವನ್ನು ಸಾಮಾನ್ಯವಾಗಿ ಮರೆಮಾಡುವುದಿಲ್ಲ. 'ಲುಕಪ್.ಐಕಾನ್.ಆರ್ಗ್' ಎಂಬ ತಾಣದಲ್ಲಿ ಬಹುತೇಕ ಹೆಸರುಗಳ ಜನ್ಮದಿನವನ್ನು ಕಾಸು ಕೊಡದೆ ನೋಡಬಹುದು. ಮೂವತ್ತು ವರ್ಷಗಳ ಹಳೆಯ ಕಂಪೆನಿಯೆಂದು ಹೇಳಿಕೊಂಡು ಮುಂಗಡ ಕೇಳುವ ತಾಣವು ಕಳೆದ ಶುಕ್ರವಾರ ಹುಟ್ಟಿದ್ದೆಂದು ಅಲ್ಲಿ ಕಂಡರೆ ಹಣವನ್ನು ಕಳುಹಿಸಬೇಡಿರಿ. ಈಗಾಗಲೇ ಕಳುಹಿಸಿದ್ದರೆ, ಬೆಳಗಾಗಲಿ ಎಂದು ಕಾಯದೆ ೧೯೩೦ಕ್ಕೆ ದೂರವಾಣಿ ಮಾಡಿರಿ. ಹಣವು ವಂಚಕನ ಖಾತೆಯಿಂದ ಹೊರಹೋಗುವುದರೊಳಗೆ ಅದನ್ನು ತಡೆಹಿಡಿಯುವ ವ್ಯವಸ್ಥೆ ಅಲ್ಲಿರುವುದು.